ತಾನುಬಾಯಿಯ ಒಡಪು

ನಮ್ಮೂರಿನ ಯಾವ ಮದುಮಗಳು ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಒಡಪು ಹೇಳಿದರೂ ಅದು ತಾನುಬಾಯಿ ಕಟ್ಟಿಕೊಟ್ಟದ್ದೇ. ಮೂವತ್ತು ವರ್ಷದ ಹಿಂದೆ ನಾನು ಹೇಳಿದ್ದೂ ಅವಳದೇ. ಗಂಡನ ಹೆಸರನ್ನು ಬರಿಬಾಯಲ್ಲಿ ಆಡುವಂತಿಲ್ಲ; ಒಡಪಿನ ಮಡಿಲಲ್ಲಿಟ್ಟು ಆಡಬಹುದು. ಗಂಡ ತೀರಿಕೊಂಡವಳಿಗೆ ಅದೂ ಇಲ್ಲ.

ಸಂಕ್ರಾಂತಿಯ ಮುಂಜಾನೆ ವಿಠೋಬನ ಗುಡಿಯ ಕಟ್ಟೆಯ ಮೇಲೆ ಅವಳು ನನ್ನ ಪಕ್ಕ ಬಂದು ಕೂತಳು.

"ಹನ್ನೊಂದು ವರ್ಷಾತು ನಮ್ಮನಿಯವರು ಹೋಗಿ, ಅವರ ಹೆಸರು ನನ್ನ ಬಾಯಾಗ ಬಂದಿಲ್ಲ. ಎಪ್ಪತ್ತೆರಡು ತುಂಬಿದುವು ನನಗ. ಮೊನ್ನೆ ಉಪ್ಪಿನ ಗಡಿಗಿ ಎಲ್ಲಿಟ್ಟೆ ಅಂತ ಮರತೆ. ನಾಳೆ ನಾಲಿಗಿ ಆ ಹೆಸರನ್ನೂ ಮರತ್ರ?"

"ಮನಸಿನಾಗ ಅಂದ್ಕೋರಿ, ಅತ್ತಿ."

"ಮನಸಿನಾಗ ಅಂದ್ರ ಕಿವಿಗೆ ಕೇಳತೈತೇನ?" ಎಂದು ಎದ್ದಳು. ವಿಠೋಬನಿಗೆ ಕೈಮುಗಿದು ಬಹಳ ಹೊತ್ತು ನಿಂತಳು.

ಮಧ್ಯಾಹ್ನ ಅವಳ ಮನೆಯಲ್ಲೇ ಅರಿಸಿನ-ಕುಂಕುಮ. ಸೊಸೆ ಮಂದಾ ಓಣಿಯ ಮುತ್ತೈದೆಯರನ್ನೆಲ್ಲ ಕರೆದಿದ್ದಳು. ಮೊಮ್ಮಗನ ಹೆಂಡತಿ ರುಕ್ಮಾಳಿಗೆ ಇದು ಮೊದಲ ಸಂಕ್ರಾಂತಿ. ಹಬ್ಬದ ವಾಡಿಕೆಯಂತೆ ಕರಿ ಸೀರೆ ಉಟ್ಟು, ಸಕ್ಕರೆಕಾಳಿನ ಸರ ಹಾಕಿಕೊಂಡು ನಡುವೆ ಕೂತಿದ್ದಳು. ತಾನುಬಾಯಿ ಅಡಿಗೆಮನೆಯ ಹೊಸ್ತಿಲ ಒಳಗೆ ಎಳ್ಳುಂಡೆ ಕಟ್ಟುತ್ತಿದ್ದಳು.

ರುಕ್ಮಾ ಪಿಸುದನಿಯಲ್ಲಿ ಒಡಪು ಹೇಳಿದಳು. ಹೆಂಗಸರು ಬಿಟ್ಟಾರೆಯೆ? "ಹೆಸರು ಕೇಳಸಲಿಲ್ಲ! ಇನ್ನೊಮ್ಮೆ!" ಎಂದು ಕೂಗಿದರು. ಪ್ರತಿ ಮದುಮಗಳಿಗೂ ಇದೇ ಕಾಟ. ಹುಡುಗಿ ಕೆಂಪಾಗಿ ಇನ್ನೊಮ್ಮೆ ಹೇಳಿದಳು.

ಆ ನಗೆ ಅಡಗುವ ಮೊದಲೇ ತಾನುಬಾಯಿ ಕೈಯ ಬೆಲ್ಲವನ್ನು ಸೆರಗಿಗೆ ಒರೆಸಿಕೊಂಡು ಹೊಸ್ತಿಲು ದಾಟಿ ಬಂದಳು.

"ನಾನೂ ಒಂದು ಹೇಳತೇನಿ."

ಅವಳ ನಾದಿನಿ ಸಾಳುಬಾಯಿ, ತೀರಿಕೊಂಡ ಗಂಡನ ಬೆನ್ನಿಗೆ ಹುಟ್ಟಿದ ತಂಗಿ, ಸಿಡಿದಳು. "ವೈನಿ, ಅರಳುಮರಳಾತೇನ ನಿನಗ? ಇದು ಮುತ್ತೈದೇರ ಕೆಲಸ. ಒಳಗ ನಡಿ."

"ವಿಠೋಬಾನ ಹೆಸರು ತಗೊಳ್ಳಾಕ ಯಾರೂ ನನ್ನ ಹಣಿ ನೋಡಂಗಿಲ್ಲ, ಸಾಳು. ನನಗ ಇದೂ ಅಂಥಾದ್ದೇ ಹೆಸರು."

ಮಂದಾ ಕುಂಕುಮದ ಬಟ್ಟಲು ಹಿಡಿದು ಹಾಗೇ ನಿಂತಳು. ತಾನುಬಾಯಿ ಗೋಡೆಗೆ ಆನಿಕೊಂಡು, ಕಣ್ಣು ಮುಚ್ಚಿ ಹೇಳಿದಳು:

"ಹಲ್ಲು ಉದುರಿದ್ರೂ ಎಳ್ಳಿನ ರುಚಿ ಮರಿಯಂಗಿಲ್ಲ,
ಬೆನ್ನು ಬಾಗಿದ್ರೂ ಮೂಲ್ಯಾಗ ಕುಂದ್ರಂಗಿಲ್ಲ,
ಕುಂಕುಮ ಬ್ಯಾಡಂದ್ರಿ, ಅಳಿಸೇನಿ; ಬಳಿ ಬ್ಯಾಡಂದ್ರಿ, ಒಡದೇನಿ,
ಧೋಂಡಿಬಾರ ಹೆಸರು ಮಾತ್ರ ಯಾರಿಗೂ ಕೊಡಂಗಿಲ್ಲ."

ತಾನುಬಾಯಿ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು, ಹೆಸರು ಅಲ್ಲೇ ಇದೆಯೋ ಎಂದು ಮುಟ್ಟಿ ನೋಡುವವಳಂತೆ.

ಸಾಳುಬಾಯಿ ಎದ್ದಳು. ಹೊರಟೇಬಿಟ್ಟಳು ಎಂದುಕೊಂಡೆ. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದ ಅಣ್ಣ ಅವನು. ಸತ್ತ ಮೇಲೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಬರೀ 'ಹೋದವರು' ಆಗಿದ್ದ. ಅವಳು ಬಾಗಿಲಿಗೆ ಹೋಗಲಿಲ್ಲ. ಅತ್ತಿಗೆಯ ಹತ್ತಿರ ಬಂದು, ಆ ಅಂಟುಗೈ ಹಿಡಿದುಕೊಂಡಳು.

"ಹೆಸರು ಕೇಳಸಲಿಲ್ಲ, ವೈನಿ. ಇನ್ನೊಮ್ಮೆ ಹೇಳು."

ತಾನುಬಾಯಿ ಈ ಸಲ ಒಡಪು ಕಟ್ಟಲಿಲ್ಲ. "ಧೋಂಡಿಬಾ" ಎಂದಳು, ಅಂಗಳದಲ್ಲಿದ್ದವರನ್ನು ಊಟಕ್ಕೆ ಕರೆದಷ್ಟು ಸಲೀಸಾಗಿ.