ಛತ್ರಿ ಕೋಲು ಸಲೀಸಾಗಿ ಇಳಿದ ಜಾಗ

ಕಡಲತೀರದಲ್ಲಿ ಛತ್ರಿ, ಕುರ್ಚಿ ಬಾಡಿಗೆಗೆ ಕೊಡುವವನನ್ನು ಎಲ್ಲರೂ ಛತ್ರಿಯಣ್ಣ ಎಂದೇ ಕರೆಯುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಅವನ ಪಿತ್ತ ನೆತ್ತಿಗೇರಿತ್ತು. ಅವನ ಮಾಮೂಲಿ ಜಾಗದಲ್ಲೇ ಸ್ವಯಂಸೇವಕರು ನಾಲ್ಕು ಗೂಟ ನೆಟ್ಟು, ಹಗ್ಗ ಸುತ್ತಿ, "ಆಮೆಯ ಗೂಡು, ತುಳಿಯಬೇಡಿ" ಎಂದು ಹಲಗೆ ತೂಗುಹಾಕಿದ್ದರು.

"ಇಷ್ಟು ದೊಡ್ಡ ದಂಡೆಯಲ್ಲಿ ಆ ಆಮೆಗೆ ನನ್ನ ಜಾಗಾನೇ ಬೇಕಿತ್ತಾ?" ಎಂದು ಗೊಣಗಿದ.

ಪಕ್ಕದಲ್ಲೇ ಟೀ ಅಂಗಡಿ ಇಟ್ಟಿದ್ದ ಹೆಂಡತಿ ನಕ್ಕಳು. "ಬಾಯಿಲ್ಲದ ಪ್ರಾಣಿ, ನಿಮ್ಮನ್ನ ಕೇಳಿ ಮೊಟ್ಟೆ ಇಡುತ್ತಾ? ಬಿಟ್ಟುಬಿಡಿ."

ಅವನು ಬಿಡಲಿಲ್ಲ. ಅವಳು ನೀರು ತರಲು ಹೋದಾಗ ಗೂಟಗಳನ್ನು ಕಿತ್ತು ಹತ್ತು ಹೆಜ್ಜೆ ಆಚೆ ನೆಟ್ಟ. ಬೇಲಿ ಇದೆಯಲ್ಲ, ಆಮೆಗೆ ಅಷ್ಟು ಸಾಕು ಎಂಬುದು ಅವನ ಲೆಕ್ಕ. ಛತ್ರಿಯ ಕಬ್ಬಿಣದ ಕೋಲಿಗೆ ದಿನಾ ಹತ್ತು ಪೆಟ್ಟು ಬೇಕು. ಅಂದು ಎರಡೇ ಪೆಟ್ಟಿಗೆ ಸಲೀಸಾಗಿ ಇಳಿಯಿತು. ಇವತ್ತು ಎದ್ದ ಮಗ್ಗುಲು ಚೆನ್ನಾಗಿದೆ ಎಂದುಕೊಂಡ.

ಬಿಸಿಲೇರುವ ಮೊದಲು ನರ್ಸಮ್ಮ ಬಂದರು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಗೂಡು ಕಾಯುವುದೇ ಅವರ ಕೆಲಸ. ಛತ್ರಿಯಣ್ಣನ ಮಗಳು ಹುಟ್ಟಿದ್ದೂ ಅವರ ಕೈಯಲ್ಲೇ. ಟೀ ಲೋಟ ಹಿಡಿದು ಅವನ ಹತ್ತಿರ ಬಂದರು.

"ನಿನಗೊಂದು ಥ್ಯಾಂಕ್ಸ್ ಹೇಳಬೇಕು ಕಣಪ್ಪಾ. ವ್ಯಾಪಾರದ ಜಾಗ ಬಿಟ್ಟುಕೊಡೋದು ಸಣ್ಣ ಮಾತಲ್ಲ."

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದೆಯೇ ಛತ್ರಿಯಣ್ಣ ಹೆಗಲು ಮುಟ್ಟಿಕೊಂಡ. "ಅಲ್ಲಮ್ಮಾ, ಮೊಟ್ಟೆಗಳನ್ನ ಬೇರೆ ಕಡೆ ಎತ್ತಿಟ್ಟರೆ ಆಗಲ್ವಾ?"

"ನಿನ್ನೆ ರಾತ್ರಿ ಇಟ್ಟದ್ದು, ಆಗಲೇ ಎಷ್ಟೋ ಗಂಟೆ ಆಯ್ತು. ಈಗ ಅಲುಗಿಸಿದ್ರೆ ಒಳಗಿನ ಜೀವಕ್ಕೇ ಕುತ್ತು. ನೂರರ ಹತ್ತಿರ ಮೊಟ್ಟೆ ಇವೆ. ಐವತ್ತು ದಿನದ ಆಸುಪಾಸು ಮರಳಿನ ಬಿಸೀಲೇ ಬೆಳೀಬೇಕು. ಇಟ್ಟು ಹೋದ ತಾಯಿ ತಿರುಗಿ ಬರಲ್ಲ."

"ಬೇಲಿ ಇಲ್ಲದಿದ್ರೆ ಗೂಡು ಕಾಣ್ಸುತ್ತಾ?"

"ಎಲ್ಲಿ ಕಾಣ್ಸುತ್ತೆ? ತೋಡಿ ನೀಟಾಗಿ ಮುಚ್ಚಿರ್ತಾಳೆ. ಸುತ್ತಮುತ್ತ ಮರಳು ಸಡಿಲ ಇರುತ್ತೆ ಅಷ್ಟೇ."

ಸಡಿಲ ಎಂದದ್ದೇ ತಡ, ಛತ್ರಿಯಣ್ಣ ತನ್ನ ಕೋಲಿನತ್ತ ತಿರುಗಿ ನೋಡಿದ. ಎರಡೇ ಪೆಟ್ಟು!

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಈಗಷ್ಟೇ ಥ್ಯಾಂಕ್ಸ್ ಹೇಳಿದ ಮುಖದ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. "ತಪ್ಪಾಯ್ತಮ್ಮಾ. ಗೂಟ ಕಿತ್ತು ಆಚೆ ನೆಟ್ಟೆ. ಕೋಲು ಅಲ್ಲೇ ಹೊಡೆದಿದ್ದೀನಿ."

ನರ್ಸಮ್ಮ ಬೈಯಲಿಲ್ಲ. ಚೀಲದಿಂದ ಪುಸ್ತಕವನ್ನೂ ಅಳತೆಗೆಂದು ಗಂಟು ಹಾಕಿದ ಎರಡು ಹಗ್ಗಗಳನ್ನೂ ತೆಗೆದರು. ನಸುಕಿನಲ್ಲಿ ಗೂಡು ಸಿಕ್ಕಾಗಲೇ ಜೀವರಕ್ಷಕರ ಗೋಪುರದಿಂದಲೂ ನಲ್ಲಿಕಟ್ಟೆಯಿಂದಲೂ ಅದು ಎಷ್ಟು ದೂರ ಎಂದು ಅಳೆದು ಬರೆದಿಟ್ಟಿದ್ದರು. ಒಂದು ಹಗ್ಗವನ್ನು ಹೆಂಡತಿ ಗೋಪುರದ ಬಳಿ ಹಿಡಿದಳು, ಇನ್ನೊಂದನ್ನು ಛತ್ರಿಯಣ್ಣ ನಲ್ಲಿಕಟ್ಟೆಯ ಬಳಿ ಹಿಡಿದ. ಬರೆದಷ್ಟು ಗಂಟು ಎಣಿಸಿ ನರ್ಸಮ್ಮ ಎರಡನ್ನೂ ಎಳೆದು ತಂದರು. ಎರಡೂ ಹಗ್ಗ ಕೂಡಿದ ಜಾಗ ಕೋಲಿನಿಂದ ಒಂದೇ ಮೊಳ ದೂರವಿತ್ತು.

"ಗೂಡು ಉಳೀತು!" ಎಂದರು ನರ್ಸಮ್ಮ.

ಛತ್ರಿಯಣ್ಣ ಹಗ್ಗ ಬಿಟ್ಟು ಓಡಿ ಬಂದು ಕೋಲು ಕಿತ್ತ. "ಬೈದುಬಿಡಿ ಅಮ್ಮಾ."

"ಯಾಕೆ ಬೈಲಿ? ಹೇಳಿದ್ಯಲ್ಲ, ಅದಕ್ಕೆ ಇನ್ನೊಂದು ಥ್ಯಾಂಕ್ಸ್. ಮುಚ್ಚಿಟ್ಟಿದ್ರೆ ನಾವು ಐವತ್ತು ದಿನ ಬರೀ ಮರಳು ಕಾಯ್ತಿದ್ವಿ!"

ಮೂವರೂ ನಕ್ಕರು. ಬೇಲಿ ತನ್ನ ಜಾಗಕ್ಕೆ ಮರಳಿತು, ಛತ್ರಿ ಹತ್ತು ಹೆಜ್ಜೆ ಆಚೆ ಹೋಯಿತು, ಗಿರಾಕಿಗಳು ಅಲ್ಲಿಗೂ ಬಂದರು. ಅಂದಿನಿಂದ ಮರಿಗಳ ದಾರಿಗೆ ಅಡ್ಡಿಯಾಗದಿರಲೆಂದು, ಮಕ್ಕಳು ತೋಡಿದ ಗುಂಡಿಗಳನ್ನು ಸಂಜೆ ಅವನೇ ಮುಚ್ಚುತ್ತಿದ್ದ, ಕುರ್ಚಿಗಳನ್ನು ಅಂಗಡಿಯೊಳಗೆ ಪೇರಿಸುತ್ತಿದ್ದ. ಬೆಳಕು ಕಂಡರೆ ಮರಿಗಳು ಕಡಲು ಬಿಟ್ಟು ಅತ್ತ ಹೋಗುತ್ತವೆ ಎಂದು ತಿಳಿದು ಹೆಂಡತಿ ಕತ್ತಲಾಗುವ ಮೊದಲೇ ಅಂಗಡಿ ಮುಚ್ಚತೊಡಗಿದಳು.

ಐವತ್ತೆರಡನೆಯ ದಿನ, ಸೂರ್ಯ ಹುಟ್ಟುವ ಮೊದಲು, ಮರಳು ಮಿಸುಕಿತು. ಒಂದು ಮೂಗು, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ಹಿಂದುಳಿದ ಒಂದನ್ನು ಎತ್ತಿ ನೀರಿಗೆ ಬಿಡಲು ಛತ್ರಿಯಣ್ಣ ಬಗ್ಗಿದ.

"ಮುಟ್ಟಬೇಡ, ಅದೇ ನಡೀಲಿ," ಎಂದರು ನರ್ಸಮ್ಮ.

ಅದು ತಾನೇ ನಡೆಯಿತು. ಅಲೆ ಬಂದು ಕರೆದುಕೊಂಡು ಹೋಯಿತು. ಛತ್ರಿಯಣ್ಣನ ಕಣ್ಣು ತುಂಬಿತ್ತು. "ಅಮ್ಮಾ, ನನ್ನ ಮಗಳನ್ನ ಈ ಲೋಕಕ್ಕೆ ಬರಮಾಡಿಕೊಂಡ್ರಿ. ಇವನ್ನೂ ನೀವೇ. ಈ ಋಣ ಹೇಗೆ ತೀರಿಸಲಿ?"

"ಹೋಗಯ್ಯಾ, ಈ ಸಲದ ಸೂಲಗಿತ್ತಿ ನೀನೇ!"

ಓದುಗರೇ, ನೀವೂ ಕಡಲತೀರಕ್ಕೆ ಹೋಗುತ್ತೀರಿ. ಗೂಟ, ಹಗ್ಗ ಕಂಡರೆ ಬಳಸಿಕೊಂಡು ನಡೆಯಿರಿ. ನಿಮ್ಮ ಮಕ್ಕಳು ತೋಡಿದ ಗುಂಡಿ ಮುಚ್ಚಿ ಬನ್ನಿ. ದಂಡೆಗೆ ಬೀಳುವ ದೀಪ ಆರಿಸಿ. ಮರಿ ಕಂಡರೆ ಮುಟ್ಟದೆ ದಾರಿ ಬಿಟ್ಟು, ಸ್ವಯಂಸೇವಕರಿಗೆ ತಿಳಿಸಿ. ಗೊತ್ತಿಲ್ಲದೆ ತಪ್ಪು ಮಾಡಿದಿರಾ? ಹೆದರದೆ ಕೂಡಲೇ ಹೇಳಿ. ಯಾರೂ ಬೈಯುವುದಿಲ್ಲ, ಥ್ಯಾಂಕ್ಸ್ ಹೇಳುತ್ತಾರೆ.