ಘಾಟಿಯ ತುದಿಗೊಂದು ಕಲ್ಲು

ನನ್ನ ತಮ್ಮ ನಿಕಾನೋರ್‌ನನ್ನು ಆ ಚಾರಣಕ್ಕೆ ಸೇರಿಸಿದ್ದು ನಾನೇ. ಮೂರು ವರ್ಷ ತಗ್ಗಿನ ಕಾಡಿನಲ್ಲಿ ಮರ ಕೊಯ್ದು, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದ. ಹೊರೆಯಾಳೊಬ್ಬ ಕಡಿಮೆ ಬಿದ್ದಿದ್ದ.

"ಇವನು ಮೇಲಿನ ಊರಲ್ಲೇ ಇರೋನಾ, ತೋರಿಬಿಯಕ್ಕ?" ಎಂದು ಗೈಡ್ ವಿಲ್ಬರ್ ಕೇಳಿದ.

ಕಾಡಿನ ಮಾತೆತ್ತಿದರೆ ಎಲ್ಲಿ ಬೇಡವೆನ್ನುತ್ತಾನೋ ಎಂದು, "ಇನ್ನೆಲ್ಲಿರ್ತಾನೆ? ಹುಟ್ಟಿದ್ದೇ ಮೋಡದ ಮೇಲೆ. ನಿನ್ನ ಹೊರೆ ಹೊರೋ ಲಾಮಾಗಳಿಗಿಂತ ಮುಂಚೆ ಹತ್ತಿ ಕೂತಿರ್ತಾನೆ ನೋಡು," ಎಂದೆ. ಹನ್ನೊಂದು ವರ್ಷದಿಂದ ಅವನ ವಿದೇಶಿ ಅತಿಥಿಗಳಿಗೆ ಅಡುಗೆ ಮಾಡಿ ಹಾಕಿದವಳು ನಾನು. ನಂಬಿದ.

ಎರಡನೆಯ ದಿನ ಮಧ್ಯಾಹ್ನ ಇಂಕಾಗಳ ಪಾಳು ಕಾವಲುಮನೆಯ ಹತ್ತಿರ ತಂಗಿದೆವು. ನಿಕಾನೋರ್ ಆ ಹಳೆಯ ಗೋಡೆಯ ಮೇಲೆಯೇ ಕುಳಿತು, ಭೂಮಿತಾಯಿಗೆ ಒಂದು ಚೂರೂ ಇಡದೆ ಆಲೂಗೆಡ್ಡೆ ತಿಂದ. ಸಂಜೆಗೆ ಕೆಮ್ಮು ಶುರುವಾಯಿತು.

"ಏನೋ, ಬಿಳಿಯರ ಕಾಯಿಲೆ ಹತ್ತಿತಾ? ಕೈ ಹಿಡ್ಕೊಂಡು ನಡೆಸು ಅಂತ ವಿಲ್ಬರ್‌ಗೆ ಹೇಳ್ಲಾ?" ಎಂದು ಛೇಡಿಸಿದೆ. ಎಲ್ಲರೂ ನಕ್ಕರು. ಅವನೂ ನಗಲು ಹೋಗಿ ಕೆಮ್ಮಿದ.

ಎತ್ತರದ ಕಾಯಿಲೆ ಬರುವುದು ಪರ ಊರಿನವರಿಗೆ. ನಮ್ಮವರಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ನಮ್ಮವರು ಬಿದ್ದರೆ ಅದಕ್ಕೆ ಬೇರೆ ಕಾರಣ: ಪಾಳು ಗೋಡೆಗಳಲ್ಲಿರುವ ಹಿರೀಕರ ಗಾಳಿ.

ಮರುದಿನ ಬೆಳಿಗ್ಗೆ ಅವನ ತುಟಿ ನೀಲಿಯಾಗಿತ್ತು. ಎದೆಯೊಳಗೆ ಅಂಬಲಿ ಕುದಿಯುವ ಸದ್ದು. ಉಳಿದ ಹೊರೆಯಾಳುಗಳು ಮುಂದೆ ಹೋಗಿದ್ದರು. ವಿಲ್ಬರ್ ಅತಿಥಿಗಳ ಜೊತೆ ಬಹಳ ಹಿಂದಿದ್ದ. ಹಳ್ಳಿಗೆ ಇಳಿಯಲು ಮೂರು ಗಂಟೆ, ಘಾಟಿಯ ತುದಿಗೆ ಹತ್ತಲು ಒಂದು. ತುದಿಯಲ್ಲಿ ಕಲ್ಲುಗುಪ್ಪೆಯಿದೆ. ಕೆಳಗಿನಿಂದ ಒಂದು ಕಲ್ಲು ಹೊತ್ತು ತಂದು, ಮೂರು ಕೋಕಾ ಎಲೆಯೊಡನೆ ಅಲ್ಲಿಟ್ಟು ಬೇಡಿಕೊಂಡರೆ ಬೆಟ್ಟದಪ್ಪ ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತಾನೆ.

"ಕೆಳಗೆ ಹೋಗೋಣ ಅಕ್ಕ," ಎಂದ ನಿಕಾನೋರ್.

"ಗಾಳಿ ನಿನ್ನ ಬೆನ್ನು ಬಿಡತ್ತೇನೋ? ಮೊದ್ಲು ತಪ್ಪಾಯ್ತು ಅನ್ನು. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗುವಂತೆ."

ಅವನ ಹೊರೆಯನ್ನು ದಾರಿಯಲ್ಲೇ ಬಿಟ್ಟು, ಕೈಗೊಂದು ಕಲ್ಲು ಕೊಟ್ಟು, ಸೊಂಟ ಹಿಡಿದು ಹತ್ತಿಸಿದೆ. ಹತ್ತು ಹೆಜ್ಜೆಗೊಮ್ಮೆ ಕುಸಿಯುತ್ತಿದ್ದ. ನಾನು ಎಳೆಯುತ್ತಿದ್ದೆ, ಬೈಯುತ್ತಿದ್ದೆ. ಸಿಟ್ಟಿಗಲ್ಲ, ಜೀವ ಬಾಯಿಗೆ ಬಂದಿತ್ತು. ಅಮ್ಮನಿಗೆ ಉಳಿದಿದ್ದ ಗಂಡುಮಗ ಅವನೊಬ್ಬನೇ.

ತುದಿಯಲ್ಲಿ ಗುಪ್ಪೆಗೆ ಒರಗಿ ಬಿದ್ದ. ಬಾಯಿಂದ ಕೆಂಪು ನೊರೆ ಬಂತು. ನಾನು ಎಲೆಗಳನ್ನಿಟ್ಟು, ಗೊತ್ತಿದ್ದ ಬೆಟ್ಟಗಳ ಹೆಸರೆಲ್ಲ ಕೂಗಿದೆ. ಅವನ ಕಲ್ಲು ಇಡಿಸೋಣವೆಂದರೆ ಬೆರಳು ಬಿಚ್ಚಲೇ ಇಲ್ಲ.

ವಿಲ್ಬರ್ ಏದುಸಿರು ಬಿಡುತ್ತ ಬಂದವನೇ ಅತಿಥಿಗಳ ಆಮ್ಲಜನಕದ ಸಿಲಿಂಡರ್ ತೆಗೆದು ಅವನ ಮೂಗಿಗೆ ಹಿಡಿದ.

"ಇವನು ಎಲ್ಲಿದ್ದ ಇಷ್ಟು ದಿನ?"

"ಕಾಡಲ್ಲಿ."

"ಎಷ್ಟು ದಿನ, ಅಕ್ಕ?"

"ಮೂರು ವರ್ಷ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಷ್ಟು ದಿನ ತಗ್ಗಲ್ಲಿದ್ರೆ ನಮ್ಮವರಾದ್ರೇನು, ಯಾರಾದ್ರೇನು? ಎದೆಯೊಳಗೆ ನೀರು ತುಂಬಿದೆ. ಇದಕ್ಕೆ ಇಳಿಸೋದೊಂದೇ ಮದ್ದು. ಬೆಳಿಗ್ಗೆನೇ ಇಳಿಸಬೇಕಿತ್ತು. ಎತ್ತು, ಎತ್ತು."

ನನ್ನ ಶಾಲಿನಲ್ಲಿ ಕಟ್ಟಿ, ಸರದಿಯಲ್ಲಿ ಬೆನ್ನು ಬದಲಿಸುತ್ತ ಓಡಿದೆವು. ಹತ್ತಿಸಿದ ಒಂದೊಂದು ಮೆಟ್ಟಿಲನ್ನೂ ಇಳಿದೆ. ಸಿಲಿಂಡರ್ ಅರ್ಧ ದಾರಿಯಲ್ಲೇ ಮುಗಿಯಿತು. ಹೊಳೆಯ ಸೇತುವೆ ಕಾಣುವಾಗ ಅವನ ಎದೆಯ ಸದ್ದು ನನ್ನ ಬೆನ್ನಿಗೆ ತಾಗುವುದು ನಿಂತಿತು. ಮುಷ್ಟಿಯಲ್ಲಿ ಕಲ್ಲು ಹಾಗೇ ಇತ್ತು.

ಅವನು ಹೋದ ಐದನೆಯ ದಿನ, ಸತ್ತವರ ಬಟ್ಟೆ ಒಗೆಯುವ ಪದ್ಧತಿಯಂತೆ, ಅಮ್ಮನೂ ನಾನೂ ಹೊಳೆಗಿಳಿದೆವು. ಅವನ ಬಟ್ಟೆಗಳಿಗೆ ಸಾಬೂನು ಹಚ್ಚಿ ಉಜ್ಜಿದೆವು. ಆಮೇಲೆ ಅವಳು ನನ್ನ ಎರಡೂ ಕೈ ಹಿಡಿದು, ಸಾಬೂನಿನ ನೊರೆಯ ಸಮೇತ ಕಣ್ಣಿಗೊತ್ತಿಕೊಂಡಳು.

"ಬೇರೆಯವರಾಗಿದ್ರೆ ಅಲ್ಲೇ ಬಿಟ್ಟು ಹೋಗ್ತಿದ್ರು, ಮಗಳೇ. ನೀನು ಅವನನ್ನ ಹೆಂಗೋ ಮೇಲೆ ಕರ್ಕೊಂಡು ಹೋದ್ಯಲ್ಲ, ಬೆಟ್ಟದಪ್ಪನ ಕಾಲಿಗೆ ಹಾಕಿದ್ಯಲ್ಲ. ಅಷ್ಟು ಸಾಕು ನಂಗೆ."

ಹೇಳಿಬಿಡಬೇಕೆಂದು ಬಾಯಿ ತೆರೆದೆ.

"ಹೂಂ ಅಮ್ಮ," ಎಂದು ಅವನ ಅಂಗಿಯನ್ನು ಮತ್ತೆ ನೀರಿಗೆ ಅದ್ದಿದೆ.