ಮುಳ್ಳುಬೇಲಿಯ ಹೊರಗಿನ ಒಲೆಗಳು

ಸುಲೋಚನಮ್ಮನವರಿಗೆ ಸರ್ಕಾರದಿಂದ ಶಾಲು ಕೊಡಿಸಬೇಕೆಂದು ಮೊದಲು ಬಾಯಿ ಬಿಟ್ಟವನು ನಾನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ನಾನು ಜಂಬುಲಿಂಗಪ್ಪ, ಚಳ್ಳಕೆರೆ ತಾಲ್ಲೂಕು ಕಚೇರಿಯ ಗುಮಾಸ್ತ. ಸುಲೋಚನಮ್ಮನವರು ತಾಲ್ಲೂಕಿನ ಸರ್ಕಾರಿ ಸೂಲಗಿತ್ತಿ. ಮೊಳಕಾಲ್ಮೂರಿನ ನೇಕಾರರ ಮಗಳು. ಸರ್ಕಾರವೇ ಬೆಂಗಳೂರಿಗೆ ಕಳಿಸಿ ಹೆರಿಗೆ ಕೆಲಸ ಕಲಿಸಿತ್ತು. ಹಿಂದಿನ ವರ್ಷ ನನ್ನ ಮಗಳು ಚಿನ್ನಕ್ಕ ಹೆರಿಗೆಗೆ ಬಂದಿದ್ದಳು. ಕೂಸು ಅಡ್ಡ ತಿರುಗಿತ್ತು. ಒಂದೂವರೆ ದಿನ ಆಕೆ ಚಿನ್ನಕ್ಕನ ಪಕ್ಕದಿಂದ ಏಳಲಿಲ್ಲ. ಮಗಳು ಕೂಗಿಕೊಂಡಾಗ ನಾನು ಬಾಗಿಲಲ್ಲಿ ನಿಂತು, "ಮೆತ್ತಗೆ ಕಣವ್ವ, ಬೀದೀಲಿ ಜನ ಅವ್ರೆ" ಎಂದೆ. ಒಳಗಿನಿಂದ ಸುಲೋಚನಮ್ಮನವರ ದನಿ ಬಂತು.

"ಕೂಗವ್ವ, ಜೋರಾಗಿ ಕೂಗು. ನೋವು ನಿಂದು, ಬಾಯಿ ನಿಂದು. ಬಾಗಿಲಲ್ಲಿ ನಿಂತೋರಿಗೆ ನಾಚ್ಕೆ ಆದ್ರೆ ಕೆರೆ ಏರಿ ಮೇಲೆ ಹೋಗಿ ಕೂತ್ಕಳ್ಲಿ."

ಹೋಗಿ ಕೂತೆ. ತಿರುಗಿ ಬಂದಾಗ ಮೊಮ್ಮಗ ಅಳುತ್ತಿದ್ದ, ಮಗಳು ನಗುತ್ತಿದ್ದಳು.

ಆ ಋಣ ಮನಸ್ಸಿನಲ್ಲಿತ್ತು. ಮಹಾರಾಜರ ವರ್ಧಂತಿಯ ದಿನ ಒಳ್ಳೆಯ ನೌಕರರೊಬ್ಬರಿಗೆ ಶಾಲು ಹೊದಿಸುವ ಪದ್ಧತಿ ಇತ್ತು. ಈ ಸಲ ಸುಲೋಚನಮ್ಮನವರಿಗೆ ಆಗಲಿ ಎಂದು ಅಮಲ್ದಾರರ ಮುಂದೆ ಕೈಕಟ್ಟಿ ಹೇಳಿದೆ. ಅವರು, "ಆಗಲಿ, ಆಕೆಯ ಹೆರಿಗೆ ಪುಸ್ತಕ ತರಿಸು" ಎಂದರು. ತರಿಸಿದೆ. ಹಿಂದಿನ ಉಗಾದಿಯಿಂದ ಈ ಉಗಾದಿಯವರೆಗೆ ಇಡೀ ವರ್ಷಕ್ಕೆ ಬರೆದಿದ್ದ ಹೆರಿಗೆ ಒಂಬತ್ತು!

ಅಮಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂಬತ್ತು ಹೆರಿಗೆಗೆ ಒಬ್ಬ ಸೂಲಗಿತ್ತಿ ಏಕಯ್ಯಾ? ಕೆಲಸ ಹೆಚ್ಚಿರುವ ಬೇರೆ ತಾಲ್ಲೂಕಿಗೆ ಕಳಿಸೋಣ" ಎಂದು ಅಲ್ಲೇ ಒಂದು ಕರಡು ಬರೆದರು. ಸೋಮವಾರದ ಟಪಾಲಿಗೆ ಅದು ಹೋಗಬೇಕು. ಶುದ್ಧಪ್ರತಿ ಬರೆಯುವ ಕೆಲಸ ಯಾರದು? ನನ್ನದೇ. ಶಾಲು ಕೊಡಿಸಲು ಹೋಗಿ ಆಕೆಯನ್ನು ಊರು ಬಿಡಿಸಿದ ಪುಣ್ಯಾತ್ಮ ನಾನು.

ಉರಿದುಕೊಂಡು ಸುಲೋಚನಮ್ಮನವರ ಮನೆಗೆ ಹೋದೆ. ಆಕೆ ಅಂಗಳದಲ್ಲಿ ಕತ್ತರಿ ಕುದಿಸುತ್ತಿದ್ದರು.

"ಏನಮ್ಮಾ ಇದು? ನಮ್ಮ ಬೀದೀಲೇ ಐದು ಹೆರಿಗೆ ಮಾಡ್ಸಿದ್ದೀರಿ. ವರ್ಷಕ್ಕೆಲ್ಲ ಒಂಬತ್ತಾ?"

"ಊರೊಳಗಿನವು ಒಂಬತ್ತು. ಊರಾಚೆ ಕುರಿ ಸಾಕೋರ ಹಟ್ಟಿಗಳವು ಬರ್ದಿಲ್ಲ."

"ಯಾಕೆ?"

"ಹಟ್ಟಿಯೋರು ಬ್ಯಾಡ ಅಂದ್ರು. ಕೂಸು ಹಟ್ಟಿ ಒಳಗೆ ಬರೋಕ್ ಮೊದ್ಲು ಲೆಕ್ಕಕ್ಕೆ ಹಿಡಿದ್ರೆ ಅದು ನಿಲ್ಲಲ್ಲ ಅಂತ ಅವ್ರ ನಂಬಿಕೆ. ಹೆತ್ತೋಳು ಕೂಸು ಬೇಲಿ ಆಚೆ ಇದ್ದು ಒಳಗೆ ಹೋಗಾಕೆ ಮೂರು ತಿಂಗಳು. ಅಷ್ಟೊತ್ತಿಗೆ ನಾನು ಇನ್ಯಾವ್ದೋ ಹಟ್ಟೀಲಿರ್ತೀನಿ."

"ಸರ್ಕಾರ ಪುಸ್ತಕ ಕೊಟ್ಟಿದ್ದು ಯಾಕಮ್ಮಾ?"

"ಹೆರೋಳು ಹೆದ್ರಿಕೊಂಡಿರ್ತಾಳೆ ಜಂಬುಲಿಂಗಪ್ಪೋರೆ. ಅವಳ ಮುಂದೆ ನಾನು ಪುಸ್ತಕ ಬಿಚ್ಚಿ ಕೂತ್ಕಳ್ಳಾ?"

ವರ್ಗದ ವಿಷಯ ಹೇಳಿದೆ. ಆಕೆಯ ಮುಖ ಸಪ್ಪಗಾಯಿತು. ದೊಡ್ಡಉಳ್ಳಾರ್ತಿ ಕಡೆಯ ಹಟ್ಟಿಯಲ್ಲಿ ಕ್ಯಾತಮ್ಮ ಎಂಬವಳಿಗೆ ಇನ್ನೊಂದು ತಿಂಗಳಲ್ಲಿ ದಿನ ತುಂಬುತ್ತದೆ, ಅದೊಂದು ಮುಗಿಯುವವರೆಗಾದರೂ ತಡೆಯಲು ಆಗುತ್ತದೆಯೇ ಎಂದು ಕೇಳಿದರು. ತನಗಾಗಿ ಒಂದು ಮಾತು ಕೇಳಲಿಲ್ಲ. ಇಂಥವರನ್ನು ಉಳಿಸುವುದು ಹೇಗೆ?

ನನಗೊಂದು ಉಪಾಯ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. ತಳವಾರ ಗಾದ್ರಪ್ಪನನ್ನು ಕರೆದು, ಸುಲೋಚನಮ್ಮನವರು ಹೆರಿಗೆ ಮಾಡಿಸಿದ ಕೂಸುಗಳನ್ನೆಲ್ಲ ಶುಕ್ರವಾರ ಕಚೇರಿಗೆ ತರಬೇಕೆಂದು ಹಟ್ಟಿಹಟ್ಟಿಗೂ ಡಂಗುರ ಹೊಡೆಸಿದೆ. ಕೂಸುಗಳನ್ನು ಸಾಲಾಗಿ ಕೂರಿಸಿ ಅಮಲ್ದಾರರಿಗೆ ತೋರಿಸಿಬಿಡುವುದು ನನ್ನ ಲೆಕ್ಕ. ಶುಕ್ರವಾರ ಕಚೇರಿಯ ಅಂಗಳಕ್ಕೆ ಒಂದು ನಾಯಿಯೂ ಬರಲಿಲ್ಲ.

"ಏನಾಯ್ತಲೇ ಗಾದ್ರ?"

"ಸಿಡುಬಿಗೆ ದಾಕು ಚುಚ್ಚೋರು ಬಂದವ್ರೆ ಅಂದ್ಕಂಡು, ಕೂಸು ಕಟ್ಕಂಡು ಕುರಿ ಜೊತೆ ಹುಲ್ಲುಗಾವಲಿಗೆ ಹೋಗ್ಬಿಟ್ರು ಸ್ವಾಮಿ. ಹಟ್ಟೀಲಿ ಮುದುಕ್ರು ಬಿಟ್ರೆ ಯಾರೂ ಇಲ್ಲ."

ಹಣೆ ಚಚ್ಚಿಕೊಂಡೆ. ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ನಾನೇ ದೊಡ್ಡಉಳ್ಳಾರ್ತಿ ಕಡೆಯ ಆ ಹಟ್ಟಿಗೆ ಹೊರಟೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಹಟ್ಟಿಯ ಸುತ್ತ ಎದೆಯೆತ್ತರದ ಮುಳ್ಳುಬೇಲಿ. ಯಜಮಾನ ಚಿಕ್ಕೀರಪ್ಪ ಬೇಲಿಯ ಹೊರಗೆ ಕಂಬಳಿ ಹಾಸಿ ಕೂರಿಸಿದ. ಕುಡಿಯಲು ಮಜ್ಜಿಗೆ ಕೊಟ್ಟ. ಎಷ್ಟು ಕೂಸು ಎಂದರೆ ಮಾತ್ರ ಬಾಯಿ ಬಿಡಲೊಲ್ಲ.

"ಎಣಿಸ್ಬಾರ್ದು ಸ್ವಾಮಿ. ಕುರೀನೇ ನಾವು ಎಣಿಸಲ್ಲ. ಮಖ ನೋಡಿ ಗುರುತು ಹಿಡೀತೀವಿ. ಮಕ್ಕಳ್ನ ಎಣಿಸ್ತೀವಾ?"

"ನೀವು ಎಣಿಸ್ದೇ ಇದ್ರೆ ಆಯಮ್ಮನ್ನ ಬೇರೆ ಊರಿಗೆ ಹಾಕ್ತಾರಪ್ಪಾ!"

ಮುದುಕ ನನ್ನನ್ನೇ ದಿಟ್ಟಿಸಿ ನೋಡಿದ. ಎದ್ದ. "ಬರ್ರಿ" ಎಂದು ಬೇಲಿಯ ಹಿಂಬದಿಗೆ, ಜಾಲಿ ಮರಗಳ ಕೆಳಗೆ ಕರೆದುಕೊಂಡು ಹೋದ. ಅಲ್ಲಿ ಮೂರು ಮೂರು ಕಲ್ಲಿನ ಒಲೆಗಳು, ಮಸಿ ಹಿಡಿದವು, ಆಳು ಮಲಗುವಷ್ಟು ದೂರಕ್ಕೊಂದರಂತೆ ಇದ್ದವು.

"ಹೆರೋ ಹೆಂಗಸು ಹಟ್ಟಿ ಒಳಗೆ ಇರಂಗಿಲ್ಲ. ಇಲ್ಲಿ ಒಬ್ಬೊಬ್ಬಳಿಗೂ ಒಂದೊಂದು ಗುಡ್ಲು ಹಾಕ್ತೀವಿ. ಅವಳು ಒಳಗೆ ಬಂದಾಗ ಗುಡ್ಲಿಗೆ ಬೆಂಕಿ ಇಡ್ತೀವಿ, ಒಲೆ ಹಂಗೇ ಬಿಡ್ತೀವಿ. ಅದ್ನ ಇನ್ನೊಬ್ಬಳಿಗೆ ಉರಿಸ್ಬಾರ್ದು."

"ಇವು ಯಾವಾಗಿನವು?"

"ಮೊದ್ಲು ಒಲೇನೇ ಇರ್ಲಿಲ್ಲ ಸ್ವಾಮಿ. ಕೈ ತೊಳ್ಯಾಕೆ ಕುದ್ದ ನೀರು ಬೇಕು ಅಂತ ಜಗಳ ಆಡಿ ಹಾಕ್ಸಿದ್ದು ಆಯಮ್ಮ. ಅದೂ ಹೋದ ವರ್ಷದ ಉಗಾದಿ ಆದ್ಮೇಲೆ. ಕೂಸು ಎಣಿಸ್ಬ್ಯಾಡ್ರಿ. ಒಲೆ ಎಣಿಸ್ಕಳ್ರಿ."

ಎಣಿಸಿದೆ. ಹದಿನಾಲ್ಕು. ಈ ಒಂದೇ ಹಟ್ಟಿಯಲ್ಲಿ! ಎರಡು ಒಲೆಗಳ ಕಲ್ಲು ಮಾತ್ರ ಮಗುಚಿ ಬಿದ್ದಿದ್ದವು. ದನ ತುಳಿದಿರಬೇಕೆಂದು ನೆಟ್ಟಗಿಡಲು ಬಗ್ಗಿದೆ. ಚಿಕ್ಕೀರಪ್ಪ ಕೈ ಹಿಡಿದ.

"ಅವು ಹಂಗೇ ಇರ್ಬೇಕು. ಆ ಎರಡು ಕೂಸೂ ನಿಲ್ಲಲಿಲ್ಲ. ಇದು ನನ್ನ ಮಗಳು ಪಾತಮ್ಮಂದು." ನನ್ನ ಕೈ ಬಿಟ್ಟು ಹೇಳಿದ: "ಮೈಲಿಗೆ ಕಳೆಯೋ ತಂಕ ನಾವ್ಯಾರೂ ಅವಳ್ನ ಮುಟ್ಟಂಗಿಲ್ಲ. ಅವಳ ಹೆತ್ತವ್ವಾನೂ ಬೇಲಿ ಒಳಗೇ ನಿಂತು ಅಳಬೇಕು. ಕೆಲಸ ಮುಗಿದಿತ್ತು, ಆಯಮ್ಮ ಹೋಗಬೋದಿತ್ತು. ನಾಕು ದಿನ ಗುಡ್ಲಾಗೇ ಕೂತ್ಲು. ನನ್ನ ಮಗಳ ತಲೆ ಬಾಚಿದ್ಲು."

ನನಗೆ ಅಳು ಬಂತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಸುಳ್ಳು ಹೇಳಿದೆ.

ಭಾನುವಾರ ಅಮಲ್ದಾರರ ಮನೆಗೇ ಹೋದೆ. "ಒಲೆಗಳೇ? ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ?" ಎಂದು ಕೇಳಿದರು. ಹದಿನೆಂಟು ವರ್ಷದ ಚಾಕರಿಯಲ್ಲಿ ಮೊದಲ ಸಲ ಮೇಲಧಿಕಾರಿಯ ಮುಂದೆ ದನಿ ಏರಿಸಿದೆ. "ಬಂದು ನೋಡಿ ಸ್ವಾಮಿ, ಆಮೇಲೆ ಕಾಲಮ್ಮು ಹುಡುಕೋಣ!" ಅವರು ಬೈಯುತ್ತಲೇ ಕುದುರೆ ಏರಿದರು. ಜಾಲಿ ಮರಗಳ ಕೆಳಗೆ ಬಂದು ಎಣಿಸಿದರು. ನಡುವೆ ಲೆಕ್ಕ ತಪ್ಪಿತು, ಮೊದಲಿಂದ ಎಣಿಸಿದರು. ಮಗುಚಿದ ಕಲ್ಲುಗಳ ಕಥೆಯನ್ನು ಚಿಕ್ಕೀರಪ್ಪನ ಬಾಯಿಂದಲೇ ಕೇಳಿದರು. ಊರು ಹತ್ತಿರ ಬಂದಾಗ, "ಆ ಕರಡು ಹರಿದುಹಾಕು. ಶಾಲಿಗೆ ಬರೆ" ಎಂದರು.

ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ನರೆ ಬರುತ್ತಿರಲಿಲ್ಲ. ವರ್ಧಂತಿಯ ದಿನ ಚಪ್ಪರ ಹಾಕಿಸಿದೆ, ತೋರಣ ಕಟ್ಟಿಸಿದೆ, ವಾಲಗದವರನ್ನು ಕರೆಸಿದೆ. ಹೆಸರು ಕೂಗಿದರೆ ಕುರ್ಚಿ ಖಾಲಿ. ಬೆಳಗಿನ ಜಾವವೇ ಕ್ಯಾತಮ್ಮನ ಹೆರಿಗೆಗೆ ಹೋದರಂತೆ. ಅಮಲ್ದಾರರು ಶಾಲನ್ನು ನನ್ನ ಕೈಗೆ ತುರುಕಿ, "ನೀನೇ ತಾನೆ ಹೊಗಳಿದ್ದು, ನೀನೇ ಕೊಟ್ಟು ಬಾ" ಎಂದರು.

ಹಟ್ಟಿ ತಲುಪುವ ಹೊತ್ತಿಗೆ ಗಾಳಿ ಧೂಳೆಬ್ಬಿಸುತ್ತಿತ್ತು. ಜಾಲಿ ಮರದ ಕೆಳಗೆ ಹೊಸ ಗುಡ್ಲು, ಹೊಸ ಒಲೆ. ಒಳಗೆ ಕ್ಯಾತಮ್ಮ ಮಲಗಿದ್ದಳು. ಸುಲೋಚನಮ್ಮನವರ ತೊಡೆಯ ಮೇಲೆ ಹೆಣ್ಣುಕೂಸು. ಎರಡೂ ಕೈಯಲ್ಲಿ ಶಾಲು ಹಿಡಿದು ಬಗ್ಗಿದೆ.

"ನೆಲದ ಮೇಲಿಡ್ರಿ. ನಾನೂ ಮೈಲಿಗೇನೇ, ಮುಟ್ಟಿದ್ರೆ ಹಟ್ಟಿಯೋರು ನೊಂದ್ಕಂತಾರೆ."

ಇಟ್ಟೆ. ಆಕೆ ಶಾಲನ್ನು ಎಳೆದುಕೊಂಡು ಜರಿಯಂಚನ್ನು ಬೆರಳಿನಿಂದ ಸವರಿದರು. ನೇಕಾರರ ಮಗಳಲ್ಲವೇ, "ಒಳ್ಳೇ ನೇಯ್ಗೆ" ಎಂದರು. ನನಗೆ ಎದೆ ತುಂಬಿ ಬರುವಷ್ಟರಲ್ಲಿ ಅದರಲ್ಲಿ ಕೂಸನ್ನು ಸುತ್ತಿಬಿಟ್ಟರು!

"ಅಮ್ಮಾ! ಅದು ಸರ್ಕಾರದ ಶಾಲು!"

"ಗಾಳಿ ನುಗ್ತೈತೆ. ಇದು ಬೆಚ್ಚಗೈತೆ."

ಹಿಂದಿನಿಂದ ಚಿಕ್ಕೀರಪ್ಪ ಸಮಾಧಾನವಾಗಿ ಹೇಳಿದ: "ಗುಡ್ಲೊಳಗೆ ಹೋದ ಬಟ್ಟೆ ಆಚೆಗೆ ಬರಂಗಿಲ್ಲ ಸ್ವಾಮಿ. ಗುಡ್ಲು ಜೊತೆಗೇ ಸುಡ್ತೀವಿ."

ತಲೆಗೆ ಕೈ ಹೊತ್ತು ಕೂತೆ. ಆಮೇಲೆ ಸಿಟ್ಟಿನಲ್ಲಿ ಚೀಲದಿಂದ ಹೆರಿಗೆ ಪುಸ್ತಕ ತೆಗೆದೆ. ಇದೊಂದನ್ನಾದರೂ ಈಗಲೇ ಬರೆದು ಮುಗಿಸೋಣವೆಂದು ಮಸಿ ಕುಡಿಕೆಗೆ ಲೇಖನಿ ಅದ್ದಿದೆ. ಮಲಗಿದ್ದ ಕ್ಯಾತಮ್ಮ ಅದನ್ನು ಕಂಡಳು. ಕೂಸಿನ ಕಡೆಗೆ ಕೈ ಚಾಚಿ, ಶಾಲಿನ ಅಂಚನ್ನು ಅದರ ಮುಖದ ಮೇಲೆ ಎಳೆದಳು. ಸುಲೋಚನಮ್ಮನವರು ನನ್ನನ್ನು ನೋಡಿದರು.

ಲೇಖನಿ ಒರೆಸಿಟ್ಟೆ. ಪುಸ್ತಕ ಮುಚ್ಚಿದೆ. "ಹಟ್ಟಿ ಒಳಗೆ ಬಂದ್ಮೇಲೆ ನಾನೇ ಬರ್ತೀನಿ ಬಿಡವ್ವ" ಎಂದೆ.

ಮೂರು ತಿಂಗಳು ಕಾದೆ. ಆ ಹೆರಿಗೆ ಪುಸ್ತಕಕ್ಕೆ ಬರೆದೆಯಾ ಎಂದು ಅಮಲ್ದಾರರು ಎರಡು ಸಲ ಕೇಳಿದರು, ಏನೇನೋ ಹೇಳಿ ಜಾರಿಕೊಂಡೆ. ಕಡೆಗೆ ಗಾಡಿ ಕಟ್ಟಿಸಿಕೊಂಡು ಹೋದಾಗ ಗುಡ್ಲು ಇದ್ದ ಜಾಗದಲ್ಲಿ ಬೂದಿ ಇತ್ತು. ಬೂದಿಯಲ್ಲಿ ಶಾಲಿನ ಜರಿಯ ಒಂದೆರಡು ಎಳೆ ಕರಗಿ ಮಿನುಗುತ್ತಿದ್ದವು. ಮೂರು ಕಲ್ಲೂ ನೆಟ್ಟಗಿದ್ದವು. ಬೇಲಿಯ ಒಳಗಿನಿಂದ ಕ್ಯಾತಮ್ಮ ಕೂಸನ್ನು ಎತ್ತಿ ತೋರಿಸಿ, "ಈಗ ಬರ್ಕಳ್ರಿ" ಎಂದು ಕೂಗಿದಳು.

ಆ ಒಲೆಯ ಪಕ್ಕದಲ್ಲೇ ಕುಳಿತು ಬರೆದೆ. ಹೆರಿಗೆ ಮಾಡಿಸಿದವರು ಎಂಬ ಕಾಲಮ್ಮಿನಲ್ಲಿ ಸುಲೋಚನಮ್ಮನವರ ಹೆಸರನ್ನು, ಅಕ್ಷರ ಕೆಡದಂತೆ, ನಿಧಾನವಾಗಿ ಬರೆದೆ.